ಅಕ್ಕವ್ವ ಕಾದಿಟ್ಟ ಆಲಿಕಲ್ಲು

ಅಕ್ಕವ್ವ ಮಳೆ ಅಳೆಯಲು ಕಲಿತದ್ದು ತನ್ನ ಹೆಸರು ಬರೆಯಲು ಕಲಿಯುವ ಮೊದಲು. ಆಗ ಆಕೆಗೆ ಮೂವತ್ತನಾಲ್ಕು ವರ್ಷ. ಗಂಡ ಫಕೀರಪ್ಪ ತೀರಿಕೊಂಡು ಆರು ವರ್ಷವಾಗಿತ್ತು. ಉಪ್ಪಿನಬೆಟಗೇರಿಯ ಸರಕಾರಿ ಶಾಲೆಯಲ್ಲಿ ಬಿಸಿಯೂಟ ಶುರುವಾದಾಗ ಅಡುಗೆಗೆ ಸೇರಿಕೊಂಡಿದ್ದಳು. ಬೆಳಿಗ್ಗೆ ಎಂಟಕ್ಕೆ ಬಂದು ಒಲೆ ಹೊತ್ತಿಸಿ, ಬೇಳೆಗೆ ನೀರಿಟ್ಟು, ಅದು ಕುದಿಯುವುದರೊಳಗೆ ಅಂಗಳ ಗುಡಿಸಿ ಮುಗಿಸುತ್ತಿದ್ದಳು. ಅಂಗಳದ ಮೂಲೆಯಲ್ಲಿ, ತಂತಿಬೇಲಿಯೊಳಗೆ, ಮೊಣಕಾಲೆತ್ತರದ ಒಂದು ಡಬ್ಬಿ ಇತ್ತು. ಮೇಲೆ ಬಾಯಿ ತೆರೆದ ಆಲಿಕೆ, ಒಳಗೊಂದು ಬಾಟಲಿ. ಅದಕ್ಕೆ ಮಳೆಮಾಪಕ ಎನ್ನುತ್ತಾರೆಂಬುದು ಆಕೆಗೆ ತಿಳಿದಿರಲಿಲ್ಲ. ಹುಡುಗರ ಚೆಂಡು ಅದಕ್ಕೆ ಬಡಿದರೆ ಹೆಡ್‌ಮಾಸ್ತರರು ಸಿಟ್ಟಾಗುತ್ತಾರೆ ಎಂಬುದಷ್ಟೇ ಗೊತ್ತಿತ್ತು.

ಹೆಡ್‌ಮಾಸ್ತರರು ವಿಜಯೀಂದ್ರ ಅಂತ. ಧಾರವಾಡದ ಮಾಳಮಡ್ಡಿಯಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುವವರು. ಮಳೆ ಅಳೆಯುತ್ತಿದ್ದ ಶಾಲೆಯ ಜವಾನ ನಿವೃತ್ತನಾದ ವಾರ ಅವರು ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು.

"ಅಕ್ಕವ್ವಾ, ಮಳಿ ಅಳತಿ ಮುಂಜಾನೆ ಎಂಟೂವರಿಗೇ ಆಗಬೇಕು. ನನ್ನ ಬಸ್ಸು ಬರೂದು ಒಂಬತ್ತೂವರಿಗೆ. ಆ ಹೊತ್ತಿನ್ಯಾಗ ಸಾಲ್ಯಾಗ ಇರಾಕಿ ನೀ ಒಬ್ಬಾಕಿ."

"ನನಗ ಅಕ್ಷರ ಬರೂದಿಲ್ರಿ ಸರ."

"ಅಕ್ಷರ ಆಮ್ಯಾಲೆ ನೋಡೋಣ. ಗೀಟು ಎಣಸ್ಲಿಕ್ಕೆ ಬರ್ತದಿಲ್ಲ?"

ಬರುತ್ತಿತ್ತು. ಬಾಟಲಿಯ ನೀರನ್ನು ಗೀಟು ಹಾಕಿದ ಗಾಜಿನ ಅಳತೆಯ ಗ್ಲಾಸಿಗೆ ಸುರಿದು, ಕಣ್ಣನ್ನು ನೀರಿನ ಮಟ್ಟಕ್ಕೆ ತಂದು ನೋಡುವುದನ್ನು ಮಾಸ್ತರರು ಎರಡು ಸಲ ತೋರಿಸಿಕೊಟ್ಟರು. ನೀರು ಎಷ್ಟು ಗೀಟಿಗೆ ಬಂತೋ ಅಷ್ಟು ಗೀಟುಗಳನ್ನು ಅಕ್ಕವ್ವ ಇದ್ದಿಲಿನಿಂದ ಅಡುಗೆಮನೆಯ ಗೋಡೆಯ ಮೇಲೆ ಎಳೆದಿಡುತ್ತಿದ್ದಳು. ಮಾಸ್ತರರು ಬಂದು ಅದನ್ನು ನೋಡಿ ವಹಿಯಲ್ಲಿ ಬರೆದುಕೊಳ್ಳುತ್ತಿದ್ದರು. ಒಂದು ಜೋರು ಮಳೆಯ ಮುಂಜಾನೆ ಗೋಡೆ ಸಾಲದೆ ಹೋಯಿತು. ಅಂದು ಮಧ್ಯಾಹ್ನವೇ ಮಾಸ್ತರರು ಒಂದರಿಂದ ಒಂಬತ್ತರವರೆಗಿನ ಅಂಕಿ ಕಲಿಸಲು ಕೂತರು. ಅಂಕಿಯ ಹಿಂದೆ ವಾರಗಳು ಬಂದವು, ತಿಂಗಳ ಹೆಸರುಗಳು ಬಂದವು. ದೀಪಾವಳಿಯ ಹೊತ್ತಿಗೆ ವಹಿಯ ಕೊನೆಯ ಅಂಕಣದಲ್ಲಿ ಅಕ್ಕವ್ವನ ಸಹಿ ಬೀಳತೊಡಗಿತು.

ಮರುವರ್ಷದ ಆಷಾಢದಲ್ಲಿ ಒಂದು ದಿನ ಆಕೆ ಕೆಸರಿನಲ್ಲಿ ಕಾಲು ಜಾರಿ ಬಿದ್ದಳು. ಬಾಟಲಿಯ ನೀರೆಲ್ಲ ನೆಲದ ಪಾಲಾಯಿತು. ನಿನ್ನೆಯ ಅಂಕಿಯನ್ನೇ ಇನ್ನೊಮ್ಮೆ ಬರೆದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆ ಯೋಚನೆ ಆಕೆಗೂ ಬಂತು. ಆದರೆ ಬರೆಯಲು ಕೈ ಏಳಲಿಲ್ಲ. ಸೀರೆಯ ಕೆಸರನ್ನೂ ತೊಳೆದುಕೊಳ್ಳದೆ ಒಂಬತ್ತೂವರೆಯತನಕ ಗೇಟಿನಲ್ಲಿ ನಿಂತಳು.

"ಸರ, ಇವತ್ತ ನೀರು ಚೆಲ್ಲೇನ್ರಿ. ಎಷ್ಟಿತ್ತೋ ಗೊತ್ತಿಲ್ರಿ."

ಮಾಸ್ತರರು ವಹಿ ತೆರೆದು ಪೆನ್ನನ್ನು ಆಕೆಯ ಕೈಗೇ ಕೊಟ್ಟರು. "ಹಂಗಾದ್ರ ಏನಾತೋ ಅದನ್ನ ಬರಿ."

ಅಂಕಿ ಬರೆಯಬೇಕಾದ ಜಾಗದಲ್ಲಿ ಅಕ್ಕವ್ವ ಬಹಳ ಹೊತ್ತು ತೆಗೆದುಕೊಂಡು 'ಚೆಲಿತು' ಎಂದು ಬರೆದಳು. ಒತ್ತಕ್ಷರ ಬಿಟ್ಟುಹೋಗಿತ್ತು. ಮಾಸ್ತರರು ತಿದ್ದಲಿಲ್ಲ.

ವರ್ಷಗಳು ಹೋದವು. ಮಾಸ್ತರರು ನಿವೃತ್ತರಾದರು. ಅಕ್ಕವ್ವ ರಜೆಯ ದಿನವೂ, ಹಬ್ಬದ ದಿನವೂ ಎಂಟೂವರೆಗೆ ಶಾಲೆಗೆ ಬಂದಳು. ಮಗಳು ಉಮಾಶ್ರೀಯ ಮದುವೆಯ ಮುಂಜಾನೆ ಹೊಸ ಇಳಕಲ್ಲ ಸೀರೆಯುಟ್ಟು ಬಂದು ಅಳೆದು, ಅಲ್ಲಿಂದ ಓಡುತ್ತ ಹಂದರಕ್ಕೆ ಹೋದಳು. ಮುಂದೆ ಪಂಚಾಯಿತಿಯ ಮಾಳಿಗೆಯ ಮೇಲೆ ತಾನೇ ಅಳೆದು ತಾನೇ ಸುದ್ದಿ ಕಳಿಸುವ ಯಂತ್ರ ಬಂದು ಕೂತಿತು. ಶಾಲೆಯ ವಹಿಯನ್ನು ಕೇಳುವವರು ಇಲ್ಲವಾದರು. ಬೆಂಗೇರಿಯಲ್ಲಿ ನರ್ಸಾಗಿದ್ದ ಉಮಾಶ್ರೀ, "ಇನ್ನ ಯಾಕ ಬೇ ಇದು? ಬಿಟ್ಟಬಿಡು" ಅಂದಳು.

"ಬ್ಯಾಡ ಅಂತ ಯಾರೂ ಹೇಳಿಲ್ಲಲ್ಲ ಮಗಳ," ಎಂದು ಅಕ್ಕವ್ವ ಮತ್ತೊಂದು ವಹಿಗೆ ಗೆರೆ ಎಳೆದಳು.

ಹೋದ ವರ್ಷ ಫೆಬ್ರುವರಿಯಲ್ಲಿ, ಮಕ್ಕಳು ಉಂಡು ಹೋದಮೇಲೆ ಅಕ್ಕವ್ವ ಪಾತ್ರೆ ತಿಕ್ಕುತ್ತಿದ್ದಾಗ, ಬೆನ್ನಚೀಲ ಹಾಕಿಕೊಂಡ ಮೂವತ್ತರ ಆಸುಪಾಸಿನ ಹೆಣ್ಣುಮಗಳೊಬ್ಬಳು ಅವಳನ್ನು ಹುಡುಕಿಕೊಂಡು ಬಂದಳು. ಹೆಸರು ಋತುಜಾ. ಊರು ಧಾರವಾಡವೇ. ಪುಣೆಯಲ್ಲಿ ಹವಾಮಾನದ ಸಂಶೋಧನೆ ಮಾಡುತ್ತಾಳೆ. ಚೀಲದಿಂದ ಹಳೆಯ ವಹಿಯ ಝೆರಾಕ್ಸ್ ಹಾಳೆಗಳನ್ನು ತೆಗೆದು ಕಟ್ಟೆಯ ಮೇಲೆ ಹರಡಿದಳು.

"ಅಕ್ಕವ್ವಾರ, ಈ 'ಚೆಲಿತು' ಅಂತ ಬರದದ್ದು ನೀವ ಏನ್ರಿ?"

ಅಕ್ಕವ್ವ ತಿಕ್ಕುತ್ತಿದ್ದ ಪಾತ್ರೆ ಕೆಳಗಿಟ್ಟಳು. ಇಪ್ಪತ್ತು ವರ್ಷದ ಹಿಂದಿನ ತಪ್ಪಿಗೆ ಈಗ ಕೇಳಲು ಬಂದರೇ ಎಂದುಕೊಂಡಳು. "ಹೌದ್ರಿ ಬಾಯಾರ. ಕಾಲು ಜಾರಿತ್ರಿ. ಬೇಕಂತ ಮಾಡಿದ್ದಲ್ಲ."

ಋತುಜಾ ನಕ್ಕಳು. "ಸುತ್ತಮುತ್ತಲಿನ ನಲವತ್ತು ಊರಿನ ವಹಿ ನೋಡೇನ್ರಿ. ಎಲ್ಲಾ ಕಡೆ ಅಂಕಿ ತುಂಬ್ಯಾವ, ಒಂದೂ ಖಾಲಿ ಇಲ್ಲ. ಖಾಲಿ ಬಿಟ್ಟದ್ದು ನೀವೊಬ್ಬರ. ಇಪ್ಪತ್ತೆರಡು ವರ್ಷದಾಗ ಮೂರು ಸಲ ಚೆಲ್ಲೇದ, ಮೂರೂ ಸಲ ಹಂಗ ಬರದೀರಿ. ಅದನ್ನ ನೋಡಿ ನಿಮ್ಮನ್ನ ಹುಡುಕ್ಕೋತ ಬಂದೇನಿ. ನನಗ ನಿಮ್ಮಿಂದ ಒಂದು ಸಹಾಯ ಬೇಕಾಗೇದ."

ಅಕ್ಕವ್ವ ಕೈ ಒರೆಸಿಕೊಂಡು ಎದುರಿಗೆ ಕೂತಳು.

"ನೀವು ಅನ್ನಕ್ಕ ಇಟ್ಟಾಗ ಉಗಿ ಏಳ್ತದಲ್ರಿ, ಅದರ ಮ್ಯಾಲ ಉಳ್ಳಾಗಡ್ಡಿ ಸಿಪ್ಪಿ ಬಿಟ್ರ ಏನಾಗ್ತದ?"

"ಹಾರತೈತ್ರಿ ಮ್ಯಾಲ."

"ಗುಡುಗಿನ ಮೋಡದಾಗೂ ಹಂಗ. ಗಾಳಿ ನೆಟ್ಟಗ ಮ್ಯಾಲ ಏರ್ತದ, ನೀರು, ಹೆಪ್ಪುಗಟ್ಟಿದ ಬರ್ಫ ಎಲ್ಲಾನೂ ಎತ್ತಿಕೊಂಡು ಹೋಗ್ತದ. ಅದು ಎಷ್ಟು ಜೋರು ಏರ್ತದ ಅನ್ನೋದು ಗೊತ್ತಾದ್ರ, ಎಲ್ಲಿ ದೊಡ್ಡ ಮಳಿ, ಎಲ್ಲಿ ಸಿಡಿಲು, ಎಲ್ಲಿ ಆಣಿಕಲ್ಲು ಅಂತ ಮೊದಲ ಹೇಳಲಿಕ್ಕೆ ಅನುಕೂಲ ಆಗ್ತದ. ಆದ್ರ ಅಳೆಯೂದು ಹೆಂಗ? ಅಂಥ ಮೋಡದೊಳಗ ವಿಮಾನ ಒಯ್ಯೂದು ಅಂದ್ರ ಜೀವಕ್ಕ ಅಪಾಯ. ಅದಕ್ಕ ಉಪಗ್ರಹದಾಗ ರಾಡಾರ ಕೂಡಿಸಿ ಮ್ಯಾಲಿಂದ ನೋಡ್ಲಿಕ್ಕತ್ತಾರ."

"ಅಷ್ಟ ಮ್ಯಾಲಿಂದ ಗಾಳಿ ಹೆಂಗ ಕಾಣತೈತ್ರಿ?"

"ಗಾಳಿ ಕಾಣೂದಿಲ್ಲ. ಗಾಳಿ ಎತ್ತಿದ ಬರ್ಫ ಕಾಣ್ತದ. ರೈಲು ನಮ್ಮ ಕಡೆ ಬರೂವಾಗ ಸೀಟಿ ಒಂದು ನಮೂನಿ ಕೇಳ್ತದ, ದಾಟಿ ಹೋದಮ್ಯಾಲೆ ಇನ್ನೊಂದು ನಮೂನಿ, ಹೌದಲ್ರಿ? ರಾಡಾರ ಬಿಟ್ಟ ತರಂಗ ಬರ್ಫಕ್ಕ ಬಡದು ತಿರುಗಿ ಬರೂವಾಗ ಹಂಗ ಒಂದಿಷ್ಟು ಬದಲಾಗಿರ್ತದ. ಅದರಿಂದ ಬರ್ಫ ಏರ್ಲಿಕ್ಕತ್ತದೋ ಇಳೀಲಿಕ್ಕತ್ತದೋ, ಎಷ್ಟು ಜೋರೋ ತಿಳೀತದ. ಆದ್ರ ಆಣಿಕಲ್ಲು ಭಾಳ ಇದ್ದಲ್ಲಿ ತರಂಗ ಗೊಂದಲ ಆಗ್ತದ. ರಾಡಾರ ಹೇಳಿದ್ದು ಖರೇನೋ ಸುಳ್ಳೋ ನೋಡ್ಲಿಕ್ಕೆ ನೆಲದ ಮ್ಯಾಲ ಸಾಕ್ಷಿ ಬೇಕು. ಗಾಳಿ ಎತ್ತಿ ಹಿಡಿಯೂತನಕ ಕಲ್ಲು ಬೆಳೀತದ, ಹಿಡಿಯಲಾರದಷ್ಟು ಭಾರ ಆದಾಗ ಬೀಳ್ತದ. ಅಂದಮ್ಯಾಲೆ ಕಲ್ಲು ಎಷ್ಟು ದಪ್ಪ ಅದ ಅಂತ ಗೊತ್ತಾದ್ರ, ಮ್ಯಾಲ ಗಾಳಿ ಎಷ್ಟು ಜೋರಿತ್ತು ಅನ್ನೋದರ ಅಂದಾಜು ಸಿಗ್ತದ."

ಅಕ್ಕವ್ವ ಕೇಳಿದಳು, "ನಾ ಏನ ಮಾಡಬೇಕ್ರಿ?"

ಮಾಡಬೇಕಾದದ್ದು ಇಷ್ಟು. ಮಳೆಮಾಪಕದ ಪಕ್ಕದಲ್ಲಿ ಹೊಳೆಯುವ ಬೆಳ್ಳಿಯಂಥ ಹಾಳೆ ಸುತ್ತಿದ ಥರ್ಮಾಕೋಲಿನ ಹಲಗೆಯೊಂದನ್ನು ಋತುಜಾ ಕಟ್ಟಿಸುತ್ತಾಳೆ. ಕಲ್ಲು ಬಿದ್ದರೆ ಅದರ ಮೇಲೆ ತಗ್ಗು ಮೂಡುತ್ತದೆ. ಅಕ್ಕವ್ವ ಕಲ್ಲು ಶುರುವಾದ ಹೊತ್ತು, ನಿಂತ ಹೊತ್ತು ಬರೆದಿಡಬೇಕು. ದೊಡ್ಡ ಕಲ್ಲುಗಳನ್ನು ಸ್ಕೇಲಿನಿಂದ ಅಳೆಯಬೇಕು. ಸಾಧ್ಯವಾದರೆ ನಾಲ್ಕು ಕಲ್ಲು ಕರಗದಂತೆ ಉಳಿಸಬೇಕು. ರಾಡಾರು ನೋಡುವುದು ದಾರದಂಥ ಕಿರಿದಾದ ಪಟ್ಟಿಯನ್ನು ಮಾತ್ರ. ಆ ಪಟ್ಟಿ ಉಪ್ಪಿನಬೆಟಗೇರಿಯ ಆಕಾಶದ ಮೇಲೆ ಹಾಯುವುದು ಏಪ್ರಿಲ್, ಮೇ ತಿಂಗಳಲ್ಲಿ ಮೂರೇ ಸಲ, ಅದೂ ಮಧ್ಯಾಹ್ನ ಎರಡರ ಸುಮಾರಿಗೆ. ಆ ಗಳಿಗೆಗೆ ಸರಿಯಾಗಿ ಊರಿನ ಮೇಲೆ ಗುಡುಗಿನ ಮೋಡ ಇರಬೇಕು.

"ಆಗೂದಾ ಇದು?" ಎಂದಳು ಅಕ್ಕವ್ವ.

"ಆಗಲಿಕ್ಕಿಲ್ಲ," ಎಂದಳು ಋತುಜಾ. "ಆದ್ರೂ ಹಲಗಿ ಕಟ್ಟೋಣ."

ಮೊದಲ ದಿನ ಏಪ್ರಿಲ್‌ನ ಆಕಾಶ ತೊಳೆದಿಟ್ಟ ತಾಟಿನಂತೆ ಖಾಲಿಯಾಗಿತ್ತು. ಶಾಲೆಗೆ ಬೇಸಿಗೆಯ ಸೂಟಿ. ಅಕ್ಕವ್ವ ಕಟ್ಟೆಯ ಮೇಲೆ ಕೂತು ಎರಡು ಗಂಟೆ ಹತ್ತು ನಿಮಿಷದವರೆಗೆ ಮೇಲೆ ನೋಡಿ, 'ಮೋಡ ಇಲ್ಲ' ಎಂದು ಬರೆದು ಮನೆಗೆ ಹೋದಳು. ಎರಡನೆಯ ಸಲ ಗುಡುಗು ಬಂತು. ಆದರೆ ಬಂದದ್ದು ಸಂಜೆ ಐದಕ್ಕೆ. ಉಪಗ್ರಹ ಆಗ ಯಾವ ದೇಶದ ಮೇಲಿತ್ತೋ. ಫೋನಿನಲ್ಲಿ ಋತುಜಾ, "ಇರ್ಲಿ ಬಿಡ್ರಿ, ಅದೂ ಬರದಿಟ್ಟಿರಲ್ಲ, ಉಪಕಾರ ಆತು," ಎಂದಳು. ಆದರೆ ಆ ದನಿಯಲ್ಲಿ ದಣಿವಿತ್ತು. ಅಂದಿನಿಂದ ಅಕ್ಕವ್ವ ಮಳೆಗಾಗಿ ಅಲ್ಲ, ಆ ಹುಡುಗಿಗಾಗಿ ಆಕಾಶ ನೋಡತೊಡಗಿದಳು.

ಮೂರನೆಯ ದಿನ ಮೇ ತಿಂಗಳಲ್ಲಿ ಬಂತು. ಬೆಳಿಗ್ಗೆಯಿಂದಲೇ ಮೈಗೆ ಅಂಟುವ ಧಗೆ. ಹನ್ನೆರಡೂವರೆಗೆ ಮೂಡಲ ಕಡೆ ಹೂಕೋಸಿನಂಥ ಬಿಳಿ ಮೋಡ ತಲೆ ಎತ್ತಿತು. ಒಂದೂವರೆಗೆ ಅದರ ಬುಡ ಕಪ್ಪಾಗಿ, ನೆತ್ತಿ ಅಗಲವಾಗಿ ಹರಡಿತ್ತು. ಊರಿನ ಕೋಳಿಗಳು ಗೂಡು ಸೇರಿದವು. ಅಕ್ಕವ್ವ ಫೋನನ್ನು ಕಟ್ಟೆಯ ಮೇಲೆ, ಕಣ್ಣಿಗೆ ಕಾಣುವಂತೆ ಇಟ್ಟುಕೊಂಡು ಅಡುಗೆಮನೆಯ ಬಾಗಿಲಲ್ಲಿ ನಿಂತಳು. ಅದರಲ್ಲಿ ಒಂದು ಗಂಟೆ ಐವತ್ತೇಳು ನಿಮಿಷ ಆಗಿದ್ದಾಗ ತಗಡಿನ ಮೇಲೆ ಮೊದಲ ಕಲ್ಲು ಠಣ್ಣೆಂದಿತು.

ಆಮೇಲೆ ಏನೂ ಕೇಳಿಸದಷ್ಟು ಸದ್ದು. ಅಂಗಳವೆಲ್ಲ ಬೆಳ್ಳಗಾಗತೊಡಗಿತು. ಬಿದ್ದ ಕಲ್ಲು ಕರಗುವುದರೊಳಗೆ ಹಿಡಿಯಬೇಕು, ನಿಲ್ಲುವತನಕ ಕಾಯುವಂತಿಲ್ಲ. ಅಕ್ಕವ್ವ ನೂರು ಮಕ್ಕಳಿಗೆ ಸಾರು ಮಾಡುವ ಅಲ್ಯುಮಿನಿಯಂ ಬೋಗುಣಿಯನ್ನು ತಲೆಯ ಮೇಲೆ ಬೋರಲು ಹಾಕಿಕೊಂಡು ಹೊರಗೆ ನಡೆದಳು. ಒಳಗೆ ಕಿವಿ ಗುಂಯ್ ಎನ್ನುತ್ತಿತ್ತು. ಒಂದು ಕಲ್ಲು ಮುಂಗೈಗೆ ಬಡಿದು ಬೆರಳು ಜೋಮು ಹಿಡಿಯಿತು. ಆದರೂ ದಪ್ಪ ಕಂಡವನ್ನೆಲ್ಲ ಊಟದ ಡಬ್ಬಿಗೆ ತುಂಬಿಕೊಂಡು ಒಳಗೆ ಬಂದು, ಸ್ಕೇಲು ಹಿಡಿದು ಅಳೆದಳು. ಎಲ್ಲಕ್ಕಿಂತ ದೊಡ್ಡದು ಮೂರು ಸೆಂಟಿಮೀಟರಿನ ಮೇಲೆ ಎರಡು ಗೀಟು. ಲಿಂಬೆಹಣ್ಣಿನಷ್ಟು. ಎರಡು ಗಂಟೆ ಆರು ನಿಮಿಷಕ್ಕೆ ಕಲ್ಲು ನಿಂತು ಬರೀ ಮಳೆಯಾಯಿತು. ಅದನ್ನೂ ಬರೆದಳು.

ಊರಿನ ಬಸ್‌ಸ್ಟ್ಯಾಂಡಿನ ಬಳಿ ಕಾಸಿಮಸಾಬನ ತಂಪು ಪಾನೀಯದ ಅಂಗಡಿ. ಅವನ ಐಸ್‌ಕ್ರೀಮಿನ ಫ್ರೀಜರಿನಲ್ಲಿ ಒಂದು ಮೂಲೆ ಕೊಡಬೇಕೆಂದು ಅಕ್ಕವ್ವ ಮಾರ್ಚಿನಲ್ಲೇ ಮಾತಾಡಿಟ್ಟಿದ್ದಳು. ಡಬ್ಬಿ ಹಿಡಿದು ನೆನೆಯುತ್ತ ಅಲ್ಲಿಗೆ ಓಡಿದರೆ, ಕರೆಂಟು ಹೋಗಿತ್ತು. ಎಲ್ಲೋ ಕಂಬಗಳು ಬಿದ್ದಿದ್ದವು. ಫೋನಿಗೆ ಸಿಗ್ನಲ್ಲೂ ಇರಲಿಲ್ಲ.

ಕಾಸಿಮಸಾಬ ಡಬ್ಬಿಯ ಮುಚ್ಚಳ ತೆಗೆದು ನೋಡಿದ. "ಸಂಜೀತನಕ ತಡಿಯೂದಿಲ್ಲಕ್ಕಾ ಇದು. ಆ ಬಾಯಾರ ಎಲ್ಲಿ ಅದಾರ?"

"ಧಾರವಾಡದಾಗ, ಮನ್ಯಾಗ ಅದಾರ. ಅಲ್ಲೆ ಫ್ರಿಜ್ ತಯಾರ ಇಟ್ಟಾರಂತ."

ಅವನು ಫ್ರೀಜರಿನಲ್ಲಿ ಉಳಿದಿದ್ದ ಬರ್ಫವನ್ನೆಲ್ಲ ಕೆರೆದು ಥರ್ಮಾಕೋಲಿನ ಪೆಟ್ಟಿಗೆಗೆ ತುಂಬಿ, ನಡುವೆ ಡಬ್ಬಿ ಇಟ್ಟು, ಗೋಣಿಚೀಲದಲ್ಲಿ ಬಿಗಿದು, ಸ್ಕೂಟರ್ ಹೊರಗೆ ತೆಗೆದ. ಐಸ್‌ಕ್ರೀಮು ಏನಾಗುತ್ತದೆ ಎಂದು ಅಕ್ಕವ್ವ ಕೇಳಿದರೆ, ಓಣಿಯ ಮಕ್ಕಳನ್ನು ಕರೆದು ಹಂಚಿಬಿಡು ಎಂದು ಹೆಂಡತಿಗೆ ಕೂಗಿ ಹೇಳಿದ.

ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಅಕ್ಕವ್ವ ಹಿಂದೆ ಕೂತಳು. ಊರು ದಾಟಿ ಮೂರು ಕಿಲೋಮೀಟರು ಹೋದಮೇಲೆ ರಸ್ತೆಯ ಬಲಕ್ಕೆ ಒಂದು ಮಾವಿನ ತೋಟ. ಅಲ್ಲಿ ಸ್ಕೂಟರ್ ತುಸು ನಿಧಾನವಾಯಿತು. ಗಿಡಗಳ ಕೆಳಗೆ ನೆಲ ಕಾಣದಷ್ಟು ಕಾಯಿ ಉದುರಿದ್ದವು. ಇನ್ನು ಹತ್ತು ದಿನಕ್ಕೆ ಇಳಿಸಬಹುದಾಗಿದ್ದ ಆಪೂಸು. ಕಾಸಿಮಸಾಬ ಒಮ್ಮೆ ಆ ಕಡೆ ನೋಡಿ ಮುಂದಕ್ಕೆ ಹೊಡೆದ.

"ಯಾರ ತ್ವಾಟೋ ತಮ್ಮಾ?"

"ನಮ್ಮದ ಅಕ್ಕಾ. ಈ ವರ್ಷ ಹನ್ನೆರಡ ಗಿಡಾ ನಾನ ಗುತ್ತಿಗಿ ಹಿಡದೇನಿ."

ಅಕ್ಕವ್ವ ತೊಡೆಯ ಮೇಲಿನ ಪೆಟ್ಟಿಗೆಯನ್ನು ನೋಡಿದಳು. ಕಲ್ಲು ಬೀಳಲಿ ಎಂದು ಎರಡು ತಿಂಗಳು ಆಕಾಶ ನೋಡಿದವಳು ತಾನು. ಬಿದ್ದಾಗ ಬೋಗುಣಿಯ ಒಳಗೆ ನಕ್ಕಿದ್ದೂ ಹೌದು. "ತಮ್ಮಾ, ನಿಲ್ಲಸೋ. ತಿರುಗಸು. ಕಾಯಿ ಆರಿಸೋಣು ನಡಿ, ಇದು ಹೋಗ್ಲಿ."

"ಅವು ಬಿದ್ದಾಗ್ಯಾವ, ಇನ್ನೆಲ್ಲೂ ಹೋಗೂದಿಲ್ಲ. ಸಂಜೀಕ ಆರಿಸಿದ್ರೂ ನಡೀತೈತಿ. ಉಪ್ಪಿನಕಾಯಿಗೆ ಆಗ್ತಾವ. ಇದು ಕರಗತೈತಿ. ಗಟ್ಟಿ ಹಿಡ್ಕೋ."

ಒಂದು ಕಡೆ ಬೇವಿನ ಮರ ರಸ್ತೆಗೆ ಅಡ್ಡ ಬಿದ್ದಿತ್ತು. ಇಬ್ಬರೂ ಇಳಿದು, ಕರಿ ಮಣ್ಣಿನ ಹೊಲದ ಬದುವಿನ ಮೇಲೆ ಸ್ಕೂಟರ್ ದೂಡಿಕೊಂಡು ದಾಟಿದರು. ಧಾರವಾಡ ಮುಟ್ಟಿದಾಗ ಮೂರೂಮುಕ್ಕಾಲು. ಅಲ್ಲಿ ಒಂದು ಹನಿಯೂ ಬಿದ್ದಿರಲಿಲ್ಲ. ಬಾಗಿಲು ತೆರೆದ ಋತುಜಾ ಮೊಣಕಾಲುದ್ದ ಕೆಸರಾಗಿದ್ದ ಇಬ್ಬರನ್ನೂ, ಗೋಣಿ ಸುತ್ತಿದ ಪೆಟ್ಟಿಗೆಯನ್ನೂ ನೋಡಿ ಬಾಯಿಗೆ ಕೈ ಹಚ್ಚಿಕೊಂಡಳು.

"ಒಂದು ಐವತ್ತೇಳಕ್ಕ ಶುರು ಆತ್ರಿ ಬಾಯಾರ, ಎರಡೂ ಆರಕ್ಕ ನಿಂತ್ರಿ," ಎಂದು ಅಕ್ಕವ್ವ ನಿಂತಲ್ಲೇ ಒಪ್ಪಿಸಿದಳು.

ಹನ್ನೊಂದು ಕಲ್ಲು ಉಳಿದಿದ್ದವು. ಋತುಜಾ ಒಂದನ್ನು ತೆಳ್ಳಗೆ ಸೀಳಿ ದೀಪಕ್ಕೆ ಹಿಡಿದು ತೋರಿಸಿದಳು. ಒಳಗೆ ಬಿಳಿ, ತಿಳಿ, ಮತ್ತೆ ಬಿಳಿ, ಮತ್ತೆ ತಿಳಿ, ಹೀಗೆ ಐದು ಸುತ್ತು. "ಮೋಡದಾಗ ಒಮ್ಮೆ ಒಂದು ನಮೂನಿ, ಒಮ್ಮೆ ಇನ್ನೊಂದು ನಮೂನಿ ನೀರು ಹತ್ತಿ ಬೆಳೆದದ್ರಿ ಇದು. ಗಾಳಿ ಅಷ್ಟೊತ್ತು ಎತ್ತಿ ಹಿಡದದ," ಎಂದಳು. ಅಕ್ಕವ್ವ, ಕಾಸಿಮಸಾಬ ಇಬ್ಬರೂ ತಲೆಗೆ ತಲೆ ತಾಗಿಸಿ ನೋಡಿದರು. ಋತುಜಾಳ ತಾಯಿ ಸುಹಾಸಿನಿಬಾಯಿ ಚಹಾ ತಂದು, ಅಕ್ಕವ್ವನ ಬಾತ ಕೈಗೆ ಅರಿಸಿನ ಹಚ್ಚಿ ಬಟ್ಟೆ ಸುತ್ತಿದರು. ಕಾಸಿಮಸಾಬ ಚಹಾ ಕುಡಿದವನೇ ಎದ್ದ. ತೋಟದ ಸುದ್ದಿ ಅಕ್ಕವ್ವನ ಬಾಯಿಂದ ಬಂದಾಗ ಋತುಜಾ ತಾನೂ ಬರುತ್ತೇನೆಂದು ಚಪ್ಪಲಿ ಮೆಟ್ಟಿದಳು. ಆ ಸಂಜೆ ಕತ್ತಲಾಗುವತನಕ ಅವನ ಮನೆಮಂದಿಯ ಜೊತೆ ಇವರಿಬ್ಬರೂ ಕಾಯಿ ಆರಿಸಿದರು. ಒಡೆಯದ ಕಾಯಿಗಳನ್ನು ಬೇರೆ ಬುಟ್ಟಿಗೆ ಹಾಕಿ ಹುಲ್ಲು ಹೊದಿಸಿದರು. ಉಳಿದವನ್ನು ಊರಿನ ಹೆಣ್ಣುಮಕ್ಕಳು ಉಪ್ಪಿನಕಾಯಿಗೆ ಕೊಂಡುಹೋದರು.

ಉಪಗ್ರಹದ ಲೆಕ್ಕ ಬರಲು ಮೂರು ವಾರ ಹಿಡಿಯಿತು. ಋತುಜಾ ಫೋನಿನಲ್ಲಿ ಹೇಳದೆ, ಪುಣೆಯಿಂದ ತಾನೇ ಬಂದಳು. ಶಾಲೆ ಆಗಷ್ಟೇ ತೆರೆದಿತ್ತು. ಅಕ್ಕವ್ವ ಹೆಸರುಬೇಳೆ ಆರಿಸುತ್ತಿದ್ದಳು.

"ಅಕ್ಕವ್ವಾರ, ಉಪಗ್ರಹ ಹಾದದ್ದು ಒಂದು ಐವತ್ತೊಂಬತ್ತಕ್ಕ. ನಿಮ್ಮ ಸಾಲಿಯಿಂದ ಎರಡು ಕಿಲೋಮೀಟರಿನ್ಯಾಗ. ಮೋಡದ ನಡಬರಕ ಗಾಳಿ ಸೆಕೆಂಡಿಗೆ ಹದಿನೆಂಟು ಮೀಟರ್ ಏರ್ಲಿಕ್ಕತ್ತಿತ್ತು ಅಂತ ರಾಡಾರ ಹೇಳ್ತದ. ನಿಮ್ಮ ಕಲ್ಲು ಇಪ್ಪತ್ತರ ಮ್ಯಾಲ ಅಂತದ. ಎರಡೂ ಭಾಳ ಹತ್ತಿರ."

"ಅಂದ್ರ ಎಷ್ಟ ಜೋರ್ರಿ?"

"ಧಾರವಾಡದ ಬಸ್ಸು ಖಾಲಿ ರಸ್ತಾದಾಗ ಓಡ್ತದಲ್ಲ, ಅಷ್ಟು. ಆದ್ರ ನೆಟ್ಟಗ ಮ್ಯಾಲಕ್ಕ."

ಅಕ್ಕವ್ವ ಮೊರವನ್ನು ಕೆಳಗಿಟ್ಟು ಮೇಲೆ ನೋಡಿದಳು. ಜೂನ್‌ನ ಬೂದು ಆಕಾಶ ಶಾಂತವಾಗಿತ್ತು. ಎಷ್ಟು ಮಳೆ ಬಿತ್ತು ಎಂಬುದನ್ನಷ್ಟೇ ಇಷ್ಟು ವರ್ಷ ಅಳೆದವಳಿಗೆ, ಬೀಳುವ ಮೊದಲು ಅದು ಹೀಗೆ ಏರಿರುತ್ತದೆ ಎಂಬುದು ಆಗ ಮನಸ್ಸಿಗೆ ಇಳಿಯಿತು.

ಋತುಜಾ ಪ್ರಬಂಧದ ಕರಡು ತಂದಿದ್ದಳು. ಅದರ ಕೊನೆಯಲ್ಲಿ ಉಪಕಾರ ಸ್ಮರಿಸುವ ಸಾಲುಗಳು. ಇಂಗ್ಲಿಷಿನಲ್ಲಿದ್ದುದನ್ನು ಓದಿ ಕನ್ನಡದಲ್ಲಿ ಹೇಳಿದಳು. ಮೊದಲ ಹೆಸರೇ ಅಕ್ಕವ್ವನದು.

"ಬಾಯಾರ, ಕಾಸಿಮನ ಹೆಸರು ಹಾಕ್ರಿ. ಅಂವ ಇರದಿದ್ರ ನಿಮಗ ಬರೀ ನೀರು ಸಿಗತಿತ್ತು. ಮತ್ತ ನಮ್ಮ ಮಾಸ್ತರದ್ದು."

"ಕಾಸಿಮಸಾಬ ಅವರದು ಆಗಲೇ ಅದ, ನೋಡ್ರಿ ಇಲ್ಲೆ. ಮಾಸ್ತರ ಹೆಸರು ಏನ್ರಿ? ಎಲ್ಲಿರ್ತಾರ?"

ಮರುದಿನ ರವಿವಾರ ಇಬ್ಬರೂ ಮಾಳಮಡ್ಡಿಗೆ ಹೋದರು. ವಿಜಯೀಂದ್ರ ಮಾಸ್ತರರಿಗೆ ಈಗ ಎಂಬತ್ತು ಸಮೀಪಿಸಿದೆ. ಕಣ್ಣು ಮಂಜು, ಆದರೆ ದನಿ ಗುರುತು ಹಿಡಿದರು. ಋತುಜಾ ಎಲ್ಲವನ್ನೂ ವಿವರವಾಗಿ ಹೇಳುತ್ತಿದ್ದರೆ ಅವರು ಮಧ್ಯದಲ್ಲೊಮ್ಮೆ ಕೈ ಎತ್ತಿ ನಿಲ್ಲಿಸಿದರು.

"ಅಕ್ಕವ್ವಾ, ನಿನಗ ಅವತ್ತ ನಾ ಈ ಕೆಲಸ ಹಚ್ಚಿದ್ದು ನನ್ನ ಬಸ್ಸು ತಡಾ ಅಂತ. ಇಷ್ಟ ವರ್ಷ ನೀ ಮಾಡ್ಕೋತ ಬರ್ತೀ ಅಂತ ನನಗ ಗೊತ್ತಿದ್ದಿಲ್ಲವಾ."

"ನೀವು ಹಚ್ಚಿದ್ರಲ್ರಿ ಸರ, ಅಷ್ಟ ಸಾಕಾತ್ರಿ. ಇಲ್ಲಂದ್ರ ನಾ ಆ ಡಬ್ಬಿ ಸುತ್ತ ಕಸಾ ಹೊಡಕೋತ ಇರತಿದ್ನಿ," ಎಂದು ಅಕ್ಕವ್ವ ಬಗ್ಗಿ ಅವರ ಕಾಲು ಮುಟ್ಟಿದಳು. ಮಾಸ್ತರರು ಕಣ್ಣೊರೆಸಿಕೊಳ್ಳಲು ಕನ್ನಡಕ ತೆಗೆದರು. ಹಾಕಿಕೊಳ್ಳಲು ಬಹಳ ಹೊತ್ತು ಹಿಡಿಯಿತು.

ಈ ಬೇಸಿಗೆಗೆ ಹಲಗೆಗಳು ಏಳು ಶಾಲೆಗೆ ಬಂದಿವೆ. ಏಳೂ ಕಡೆ ನೋಡಿಕೊಳ್ಳುವವರು ಅಡುಗೆಯ ಹೆಣ್ಣುಮಕ್ಕಳೇ. ಅವರಿಗೆ ಕಲಿಸುವ ಕೆಲಸವನ್ನು ಋತುಜಾ ಅಕ್ಕವ್ವನಿಗೆ ವಹಿಸಿದ್ದಾಳೆ. ಅಕ್ಕವ್ವ ಬಸ್ಸು ಹಿಡಿದು ಊರಿಂದೂರಿಗೆ ಹೋಗುತ್ತಾಳೆ. ಹೋದ ವಾರ ಗರಗಕ್ಕೆ ಹೋಗಿದ್ದಳು. ಅಲ್ಲಿಯ ಚನ್ನಬಸವ್ವ ಹಲಗೆ ಕಟ್ಟುವುದನ್ನು ಒಂದೇ ಸಲಕ್ಕೆ ಕಲಿತು, ಆಮೇಲೆ ತಾಟು ಹಾಕಿ ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ ಬಡಿಸಿದಳು.

"ಕುಂದರ ಅಕ್ಕಾ. ದಿನಾ ನಿಂತು ಬಡಸಾಕಿ, ಇವತ್ತ ಕುಂತು ಉಣ್ಣು."

ಅಕ್ಕವ್ವ ಕೂತು ಉಂಡಳು. ಎರಡನೆಯ ರೊಟ್ಟಿ ಮುರಿಯುವ ಹೊತ್ತಿಗೆ ಮೂಡಲ ಕಡೆ ಗುಡುಗಿತು. ಇಬ್ಬರೂ ಲಗುಬಗೆಯಿಂದ ಕೈ ತೊಳೆದುಕೊಂಡು, ಸೆರಗು ಸಿಗಿಸಿಕೊಂಡು, ಅಂಗಳಕ್ಕೆ ಬಂದರು.